ಅವ್ವನಿಗೆ ಒಂದು ದಿನದ ಇಟಲಿ

ಒಬ್ಬ ಮನುಷ್ಯನ ಬಾಯಿಗೆ ಒಂದು ತುತ್ತು ಸೇರಿಸುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ನಂಬಿದ್ದೆ. ಈ ನಂಬಿಕೆಗೆ ಆಧಾರವೂ ಇತ್ತು. ಮಂಡ್ಯದ ಪೇಟೆಯಲ್ಲಿ ಬಟ್ಟೆ ಅಂಗಡಿಯ ಗಜಕಡ್ಡಿ ಹಿಡಿದು ನಿಂತವನು ನಾನು. ಬೇಡ ಬೇಡ ಎಂದು ಎದ್ದುಹೋದ ಗಿರಾಕಿಯನ್ನು ಬಾಗಿಲಿಂದ ವಾಪಸು ಕರೆದು ಸೀರೆ ಕಟ್ಟಿ ಕಳಿಸಿದ್ದೇನೆ. ಅಂಥವನು ಹೆತ್ತ ತಾಯಿಗೆ ಒಂದು ವಡೆ ತಿನ್ನಿಸಲಾರೆನೇ?

ತಿನ್ನಿಸಲಾರೆ. ಅದು ಹೇಗೆಂಬುದನ್ನು ಇಲ್ಲಿ ಸವಿಸ್ತಾರವಾಗಿ ನಿವೇದಿಸುತ್ತೇನೆ.

ನನ್ನ ತಮ್ಮ ಪುಟ್ಟಸ್ವಾಮಿ ಸಂಕ್ರಾಂತಿಗೆ ಮುಂಚೆ ತೀರಿಕೊಂಡ. ಯುದ್ಧದಲ್ಲಿ ಮಿಲಿಟರಿ ಲಾರಿ ಡ್ರೈವರಾಗಿ ಇಟಲಿ ದೇಶದವರೆಗೆ ಹೋಗಿ, ಜರ್ಮನರ ಗುಂಡುಗಳ ನಡುವೆ ಲಾರಿ ಓಡಿಸಿ, ಮೈಮೇಲೆ ಒಂದು ಗೀರೂ ಇಲ್ಲದೆ ನಮ್ಮೂರು ಗುತ್ತಲಿಗೆ ವಾಪಸು ಬಂದಿದ್ದ. ಬಂದ ಮೇಲೆ ನಮ್ಮ ನಾಲೆಯ ಸೊಳ್ಳೆ ಕಚ್ಚಿತು. ಚಳಿಜ್ವರ. ಜರ್ಮನರ ಕೈಲಿ ಆಗದ್ದನ್ನು ಗುತ್ತಲಿನ ಸೊಳ್ಳೆ ಮಾಡಿ ಮುಗಿಸಿತು.

ಅಂದಿನಿಂದ ಅವ್ವ ಊಟ ಬಿಟ್ಟಳು. ಬೆಳಗ್ಗೆ ಒಂದು ಲೋಟ ಅಂಬಲಿ, ಸಂಜೆ ಒಂದು ಲೋಟ ಅಂಬಲಿ. ಮುದ್ದೆ ಮುರಿದು ತಟ್ಟೆಗೆ ಹಾಕಿದರೆ ಅದನ್ನು ನೋಡುತ್ತಾ ಕೂರುತ್ತಾಳೆ, ಆಮೇಲೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾಳೆ. ಅಳುವುದಿಲ್ಲ, ಜಗಳ ಮಾಡುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಚೀಲ ಜಾರಿ ಜಾರಿ ಬೀಳತೊಡಗಿತು. ಅದು ನಿಲ್ಲಲು ಅಲ್ಲಿ ಸೊಂಟವೇ ಉಳಿದಿರಲಿಲ್ಲ.

ಪುಟ್ಟ ಊರಿಗೆ ಬಂದ ಹೊಸದರಲ್ಲಿ ಸಂಜೆಯಾದರೆ ಜಗಲಿಯ ಮೇಲೆ ಅವ್ವನ ಪಕ್ಕ ಕೂತು ಇಟಲಿಯ ಕತೆ ಹೇಳುತ್ತಿದ್ದ. ಆ ಕತೆಯಲ್ಲಿ ಯುದ್ಧ ಇರುತ್ತಿರಲಿಲ್ಲ. ಒಂದೇ ಒಂದು ರಜಾ ದಿನ ಇರುತ್ತಿತ್ತು. ಅವನೂ ಮದ್ದೂರಿನ ಸತ್ತಾರ್ ಎಂಬ ಅವನ ಗೆಳೆಯನೂ ಬೆಳಗ್ಗೆ ಎದ್ದು ಒಂದು ಊರಿಗೆ ಹೋದರಂತೆ. ಆ ಊರಿಗೇ ಹೆಸರುವಾಸಿಯಾದ ರೊಟ್ಟಿ, ಮೇಲೆ ಟೊಮೇಟೊ ಸವರಿದ್ದು, ನಿಂತ ಕಾಲಲ್ಲೇ ಬಿಸಿಬಿಸಿ ತಿಂದರಂತೆ. ಕಿರಸ್ತಾನರ ದೊಡ್ಡ ಗುಡಿಯನ್ನು ನೋಡಿದರಂತೆ. ಮಧ್ಯಾಹ್ನ ಇನ್ನೊಂದು ಕಡೆ ಕುರ್ಚಿಯಲ್ಲಿ ಕೂತು ಊಟ. ಆಮೇಲೆ ವಾಲಿಕೊಂಡೇ ನಿಂತಿರುವ ಒಂದು ಗೋಪುರ. ಸಂಜೆಗೆ, ಬಾಯಲ್ಲಿಟ್ಟರೆ ಹಲ್ಲು ಜುಮ್ಮೆನ್ನುವ ತಣ್ಣನೆಯ ಸಿಹಿ.

"ಯಾರ ಮದ್ವೆಗ್ಲಾ ಓಗಿದ್ರಿ?" ಎಂದು ಅವ್ವ ಕೇಳಿದಳು.

"ಯಾರ ಮದ್ವೆಗೂ ಅಲ್ಲ ಕಣವ್ವ."

"ಅಂಗಾದ್ರೆ ಸಾವಿಗಾ?"

"ಸಾವಿಗೂ ಅಲ್ಲ. ಸುಮ್ಕೆ. ನೋಡಕ್ಕೆ, ತಿನ್ನಕ್ಕೆ."

ಇದು ಅವ್ವನಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ನಮ್ಮ ಕಡೆ ಮನುಷ್ಯ ಊರು ಬಿಟ್ಟು ಹೊರಟನೆಂದರೆ ಮದುವೆ ಇರಬೇಕು, ಸಾವು ಇರಬೇಕು, ಇಲ್ಲವೇ ಕೋರ್ಟಿನಲ್ಲಿ ವಾಯಿದೆ ಇರಬೇಕು. ಮೂರೂ ಇಲ್ಲದೆ ಹೊರಟವನನ್ನು ತಲೆ ಕೆಟ್ಟಿದೆ ಎಂದು ಊರವರೇ ಹಿಡಿದು ತರುತ್ತಾರೆ.

"ನಿನ್ಗೂ ಒಂದಿನ ಇಟಲಿ ಮಾಡುಸ್ತೀನಿ ಬಾ," ಎಂದಿದ್ದ ಪುಟ್ಟ. "ಮದ್ದೂರು, ಮಳವಳ್ಳಿ, ಗಗನಚುಕ್ಕಿ. ಸುಮ್ಕೆ ಓಗದು, ತಿನ್ನದು, ನೋಡದು, ಬರದು."

"ಕಬ್ಬು ಕಟಾವು ಮುಗೀಲಿ ಬುಡ್ಲಾ," ಎಂದಿದ್ದಳು ಅವ್ವ.

ಕಟಾವು ಮುಗಿಯುವುದಕ್ಕೆ ಮೊದಲು ಪುಟ್ಟ ಮುಗಿದ.

ಆದ್ದರಿಂದ, ತಮ್ಮ ಆಡಿದ ಮಾತನ್ನು ಅಣ್ಣನಾದವನು ನಡೆಸಿಕೊಡುವುದು, ಆ ನೆಪದಲ್ಲಿ ಅವ್ವನ ಬಾಯಿಗೆ ರುಚಿ ಹತ್ತಿಸುವುದು ಎಂದು ನಾನು ಯೋಜನೆ ಹಾಕಿದೆ. ಇಟಲಿಯ ರೊಟ್ಟಿಗೆ ಬದಲು ಮದ್ದೂರಿನ ವಡೆ. ಅಲ್ಲಿಯ ಗುಡಿಗೆ ಬದಲು ಮದ್ದೂರಿನ ನರಸಿಂಹಸ್ವಾಮಿ. ಮಧ್ಯಾಹ್ನಕ್ಕೆ ಮಳವಳ್ಳಿಯ ದೋಸೆ. ವಾಲಿದ ಗೋಪುರದ ಸ್ಥಾನದಲ್ಲಿ ಗಗನಚುಕ್ಕಿಯ ಜಲಪಾತ. ತಣ್ಣನೆಯ ಸಿಹಿಗೆ ಕಲ್ಲಂಗಡಿ. ಇಟಲಿಯವರೇ ಬಂದು ನೋಡಿದರೂ ಒಂದು ಕೊರತೆ ಹೇಳುವಂತಿರಲಿಲ್ಲ.

ನನ್ನ ಹೆಂಡತಿ ಕೆಂಪಮ್ಮ ಹೇಳಿದಳು. "ಮನೇಲಿ ಕೂರ್ಸಿ ಇಕ್ಕುದ್ರೇ ಉಣ್ಣದೋರು ಮದ್ದೂರಲ್ಲಿ ನಿಂತ್ಕಂಡು ಉಂಡಾರಾ?"

"ಸ್ಥಳ ಬದಲಾದರೆ ಬಾಯಿಯೂ ಬದಲಾಗುತ್ತದೆ," ಎಂದೆ, ಗಂಭೀರವಾಗಿ.

"ನಿಮ್ ಬಾಯಿ ಎಲ್ಲೋದ್ರೂ ಒಂದೇಯ," ಎಂದು ಅವಳು ಒಲೆಯ ಕಡೆ ತಿರುಗಿದಳು.

ಅವ್ವ ಬರುವುದಿಲ್ಲ ಎಂದಳು. ಎರಡನೆಯ ಸಲ ಕೇಳಿದಾಗ ಅದನ್ನೂ ಹೇಳದೆ ಗೋಡೆ ನೋಡಿದಳು. ಆಗ ನಾನು ಗಿರಾಕಿಗಳ ಮೇಲೆ ಹೂಡುವ ಕೊನೆಯ ಅಸ್ತ್ರವನ್ನು ಹೂಡಿದೆ. ಅಂದರೆ ಸುಳ್ಳು.

"ಅವ್ವ, ಪುಟ್ಟ ಕನಸಲ್ಲಿ ಬಂದಿದ್ದ. ಅವ್ವಂಗೆ ಇಟಲಿ ಮಾಡ್ಸು ಅಂದ."

ಅವ್ವ ಗೋಡೆ ಬಿಟ್ಟು ನನ್ನನ್ನು ನೋಡಿದಳು. ಎಷ್ಟೋ ದಿನದ ಮೇಲೆ.

"ಎಂಗಿದ್ದ?"

"ಚೆನ್ನಾಗೇ ಇದ್ದ."

"ಸೊರಗಿದ್ನಾ?"

ಕನಸು ನಿಜವೆಂದು ಕಾಣಲಿ ಎಂದು, "ಒಂಚೂರು ಸೊರಗಿದ್ದ," ಎಂದು ಸೇರಿಸಿದೆ. ಆ ಒಂಚೂರೇ ನನ್ನನ್ನು ಹಾಳು ಮಾಡಿತು.

"ಅಸ್ಕಂಡವ್ನೆ ಮಗ," ಎಂದಳು ಅವ್ವ. "ಅದ್ಕೇ ಬಂದವ್ನೆ. ನಡಿ, ಓಗದ."

ಗೆದ್ದೆ ಎಂದುಕೊಂಡು ನಾನು ಹೊಸ ಪಂಚೆ ತೆಗೆದೆ.

ಹೊರಡುವಾಗ ಕೆಂಪಮ್ಮ ಎರಡು ಮುದ್ದೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಹುಚ್ಚೆಳ್ಳು ಚಟ್ನಿಯ ಉಂಡೆಯಿಟ್ಟು ಬಟ್ಟೆಯಲ್ಲಿ ಕಟ್ಟಿ ತಂದಳು. ನಾನು ತಡೆದೆ.

"ಇಟಲಿಗೆ ಯಾರಾದರೂ ಮುದ್ದೆ ಕಟ್ಟಿಕೊಂಡು ಹೋಗುತ್ತಾರೆಯೇ?"

"ನಾ ಇಟಲಿ ಕಂಡಿಲ್ಲ, ನಿಮ್ಮನ್ನ ಕಂಡಿವ್ನಿ," ಎಂದು ಅವಳು ಬುತ್ತಿಯನ್ನು ಅವ್ವನ ಚೀಲದ ತಳಕ್ಕೆ ಇಟ್ಟಳು.

ರೈಲಿನಲ್ಲಿ ನಮ್ಮ ಎದುರಿಗೆ ಹೊಳಲಿನ ಹೆಂಗಸೊಬ್ಬಳು ಕೂತಿದ್ದಳು. ಕರ್ಮ ಮಾಡಿದ ನನ್ನ ಬೋಳು ತಲೆಯಲ್ಲಿ ಕೂದಲು ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವಳು ನನ್ನ ತಲೆ ನೋಡಿದಳು, ಅವ್ವನ ಮುಖ ನೋಡಿದಳು.

"ಯಾರವ್ವ ಓದೋರು?"

"ಕಿರಿ ಮಗ," ಎಂದಳು ಅವ್ವ.

ಅಷ್ಟೇ ಸಾಕಾಯಿತು. ಆ ಹೆಂಗಸು ಅವ್ವನ ಕುತ್ತಿಗೆ ತಬ್ಬಿ, ಹೋದ ವರ್ಷ ತೀರಿಕೊಂಡ ತನ್ನ ಅಣ್ಣನನ್ನೂ ನಮ್ಮ ಪುಟ್ಟನನ್ನೂ ಒಂದೇ ರಾಗದಲ್ಲಿ ಸೇರಿಸಿ ಅಳತೊಡಗಿದಳು. ಅವಳ ಪಕ್ಕದವಳಿಗೆ ತನ್ನ ಗಂಡ ನೆನಪಾದ. ಅದರಾಚೆಯವಳಿಗೆ ಅತ್ತೆ. ಹನಕೆರೆ ಬರುವಷ್ಟರಲ್ಲಿ ಡಬ್ಬಿಯ ಹೆಂಗಸರೆಲ್ಲ ಅಳುತ್ತಿದ್ದರು. ಹನಕೆರೆಯಲ್ಲಿ ಹತ್ತಿದವರು ಏನು, ಯಾಕೆ ಎಂದು ಕೇಳುವ ಗೋಜಿಗೂ ಹೋಗದೆ ಸೆರಗು ಬಾಯಿಗಿಟ್ಟರು. ಅಳದೆ ಕೂತಿದ್ದವಳು ಅವ್ವ ಒಬ್ಬಳೇ. ಎಲ್ಲರ ಬೆನ್ನನ್ನೂ ಸವರುತ್ತಿದ್ದಳು.

ಮುದುಕನೊಬ್ಬ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ. "ಈಗ ಯಾರ ಮನೆಗಪ್ಪ ಸುದ್ದಿ ತಕ್ಕಂಡು ಓಯ್ತಿದ್ದೀರಿ?"

"ಸುದ್ದಿಯಲ್ಲ. ವಡೆ ತಿನ್ನಲು ಹೋಗುತ್ತಿದ್ದೇವೆ," ಎಂದೆ.

ಅವನು ಎದ್ದು ಬೇರೆ ಕಡೆ ಹೋಗಿ ಕೂತ.

ಮದ್ದೂರು ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ವಡೆ ಬಂತು. ಅಂಗೈ ಅಗಲ, ಕೆಂಪಗೆ ಬೆಂದ ಈರುಳ್ಳಿ, ಕೈಯಲ್ಲಿ ಹಿಡಿದರೆ ಎಲೆಯ ಮೂಲಕವೂ ಬಿಸಿ ತಾಗುವಂಥದ್ದು. ಅವ್ವನ ಕೈಗೆ ಕೊಟ್ಟೆ. ಅವ್ವ ಪ್ಲಾಟ್‌ಫಾರಮ್ಮಿನ ಒಂದು ಮೂಲೆಗೆ ಹೋಗಿ, ನೆಲವನ್ನು ಸೆರಗಿನಿಂದ ಒರೆಸಿ, ಎಲೆಯನ್ನು ಬಿಡಿಸಿ ಇಟ್ಟು, ಕೈ ಮುಗಿದು ಆಕಾಶ ನೋಡಿದಳು.

"ಯಾಕವ್ವ? ತಿನ್ನು."

"ಕಾಗೆ ಬರ್ಲಿ ತಡಿ. ಮೊದ್ಲು ಅವ್ನು ತಿನ್ನದು ಬ್ಯಾಡ್ವಾ?"

ಆಗ ನನಗೆ ತಿಳಿಯಿತು. ಸತ್ತವರಿಗೆ ಇಷ್ಟವಾದದ್ದನ್ನು ಎಡೆಯಿಟ್ಟು ಕಾಯುವುದು ನಮ್ಮಲ್ಲಿ ಪದ್ಧತಿ. ಕಾಗೆ ಮುಟ್ಟಿದರೆ ಹೋದವರು ಉಂಡ ಹಾಗೆ. ಮುಟ್ಟದಿದ್ದರೆ ಅವರಿಗೆ ಇನ್ನೂ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಅವರು ಉಣ್ಣದೆ ನಾವು ಉಣ್ಣುವ ಹಾಗಿಲ್ಲ.

"ಅವ್ವ, ಇದು ಸ್ಟೇಷನ್ನು..."

"ಸೊರ್ಗವ್ನೆ ಅಂತ ನೀನೇ ಏಳ್ದಲ್ಲ ಚೆನ್ನ. ಅವನ್ನ ಉಪಾಸ ಕೆಡವಿ ನಾ ಎಂಗ್ಲಾ ತಿನ್ಲಿ?"

ಮದ್ದೂರು ಸ್ಟೇಷನ್ನಿನ ಕಾಗೆಗಳು ಪ್ರಯಾಣಿಕರ ಕೈಯಿಂದಲೇ ವಡೆ ಕಿತ್ತುಕೊಂಡು ಹೋಗುತ್ತವೆ ಎಂದು ಕೇಳಿದ್ದೆ. ಆ ದಿನ ಅವೆಲ್ಲಕ್ಕೂ ಬೇರೆ ಕೆಲಸವಿತ್ತು. ಬಹಳ ಹೊತ್ತಾದ ಮೇಲೆ ಒಂದು ಬಂತು. ವಡೆಯನ್ನು ಈ ಕಣ್ಣಿನಿಂದ ನೋಡಿತು, ಆ ಕಣ್ಣಿನಿಂದ ನೋಡಿತು, ಹಾರಿಹೋಯಿತು. ಆಮೇಲೆ ನಾಯಿ ಬಂತು. ಅದು ನೋಡಲಿಲ್ಲ, ನುಂಗಿತು.

ಇನ್ನೊಂದು ವಡೆ ತಂದೆ. ತರುವ ದಾರಿಯಲ್ಲಿ, ಇದಾದರೂ ಗರಿಗರಿಯಾಗಿದೆಯೇ ಎಂದು ಅಂಚಿನ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ತುಂಬಾ ಗರಿಗರಿಯಾಗಿತ್ತು. ಆ ಸದ್ದು ಅವ್ವನಿಗೂ ಕೇಳಿಸಿತು.

"ಎಂಜ್ಲು ಮಾಡ್ಬುಟ್ಟಲ್ಲೋ," ಎಂದಳು. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮೂರನೆಯದನ್ನು ಕೊಳ್ಳಲು ನೋಡಿದರೆ ವಡೆಯವನು ರೈಲಿನ ಜೊತೆ ಓಡುತ್ತಾ ಪ್ಲಾಟ್‌ಫಾರಮ್ಮಿನ ಆ ತುದಿ ಸೇರಿದ್ದ. ತಟ್ಟೆ ಖಾಲಿಯಾಗಿತ್ತು.

ಹೋಗಲಿ, ದೇವರನ್ನಾದರೂ ತೋರಿಸೋಣ ಎಂದು ನರಸಿಂಹಸ್ವಾಮಿಯ ಗುಡಿಗೆ ಕರೆದೊಯ್ದೆ. ಅವ್ವ ಬೀದಿಯಲ್ಲೇ ನಿಂತಳು.

"ವರ್ಸ ತುಂಬೋಗಂಟ ಗುಡಿ ಒಳಕ್ಕೆ ಓಗಂಗಿಲ್ಲ ಕಣ್ಲಾ. ಇಷ್ಟು ದೊಡ್ಡೋನಾಗಿ ಅದೂ ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಇಟಲಿಯ ಗಡಿಬಿಡಿಯಲ್ಲಿ ಮರೆತಿತ್ತು. ಹೀಗಾಗಿ ನಾವು ಮದ್ದೂರಿನ ಸುಪ್ರಸಿದ್ಧ ದೇವಾಲಯದ ಕಾಂಪೌಂಡು ಗೋಡೆಯನ್ನು ಚೆನ್ನಾಗಿ ನೋಡಿಕೊಂಡು ಬಸ್ಸಿನ ಕಡೆ ನಡೆದೆವು.

ಬಸ್ಸು ಇದ್ದಿಲಿನದು. ಪೆಟ್ರೋಲು ಸಿಗದ ಕಾಲ. ಹಿಂದುಗಡೆ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸಿನಿಂದ ಬಸ್ಸು ಓಡಬೇಕು. ಡ್ರೈವರು ಸತ್ತಾರ್. ಪುಟ್ಟನ ಜೊತೆ ಇಟಲಿಯಲ್ಲಿದ್ದ ಅದೇ ಸತ್ತಾರ್. ಸಾವಿನ ಸುದ್ದಿ ತಿಳಿದ ದಿನ ಬಸ್ಸು ಬಿಟ್ಟು ನಮ್ಮ ಮನೆಗೆ ಬಂದು, ಹಿತ್ತಲಿನಲ್ಲಿ ಸೌದೆ ಒಡೆದು ಹಾಕಿ ಹೋಗಿದ್ದ. ಈಗ, ಎಲ್ಲಿಗೆ ಹೊರಟಿರಿ ಎಂದು ಕೇಳಿದ.

"ಎಲ್ಲಿಗೂ ಇಲ್ಲ ಸತ್ತಾರ್," ಎಂದು ನಾನು ಹೆಮ್ಮೆಯಿಂದ ಹೇಳಿದೆ. "ಇಟಲಿಗೆ. ನೀವಿಬ್ಬರೂ ಮಾಡಿದಿರಲ್ಲ, ರೊಟ್ಟಿ, ಗುಡಿ, ಗೋಪುರ, ಹಾಗೇ ಅವ್ವನಿಗೂ ಒಂದು ದಿನ."

ಸತ್ತಾರ್ ನನ್ನನ್ನು ಒಂದು ಥರ ನೋಡಿದ. ಕೈಯನ್ನು ಬಟ್ಟೆಯಿಂದ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಪುಟ್ಟ ಅಂಗಂತ ಏಳಿದ್ನಾ?" ಎಂದ. "ಆಯ್ತು. ಅವ್ವನ್ನ ಮುಂದ್ಗಡೆ ಸೀಟಲ್ಲಿ ಕೂರ್ಸಣ್ಣ."

ಮಳವಳ್ಳಿಯ ಹೋಟೆಲಿನಲ್ಲಿ ಅಕ್ಕಿ ರೇಷನ್ನಾದ್ದರಿಂದ ಅಂದು ರಾಗಿ ದೋಸೆ ಎಂದರು. ರಾಗಿ ತಿಂದು ಬೆಳೆದವರು ರೈಲು, ಬಸ್ಸು ಹತ್ತಿ ಬಂದು ರಾಗಿಯನ್ನೇ ತಿನ್ನುವುದು. ಇರಲಿ, ದೋಸೆಯಂತೂ ಹೌದಲ್ಲ ಎಂದುಕೊಂಡೆ. ಅವ್ವ ದೋಸೆಯನ್ನು ಎತ್ತಿಕೊಂಡು ಎದ್ದಳು. ತಡೆಯುವುದರೊಳಗೆ ಹೋಟೆಲಿನ ಮುಂಬಾಗಿಲ ಎದುರು ಎಲೆ ಹಾಸಿ, ದೋಸೆ ಬಡಿಸಿ, ನೀರು ಸುತ್ತಿಟ್ಟು ಕೈ ಮುಗಿದಿದ್ದಳು. ಬೋಳು ತಲೆಯ ನಾನು ಪಕ್ಕದಲ್ಲಿ ನಿಂತಿದ್ದೆ.

ಕಾಫಿಗೆ ಬಂದವರೊಬ್ಬರು ಇದನ್ನು ನೋಡಿ ಮೆಟ್ಟಿಲಲ್ಲೇ ನಿಂತರು. ಚಪ್ಪಲಿ ಬಿಟ್ಟರು. ಟೋಪಿ ತೆಗೆದರು. ನನ್ನ ಕೈ ಹಿಡಿದು, "ನಿನ್ನೆ ಸಂಜೆ ಗಲ್ಲಾದಲ್ಲಿ ಕೂತಿದ್ದರಲ್ಲಪ್ಪ. ಯಾವಾಗ ಹೋದರು?" ಎಂದರು.

ಹೋದವರು ಯಾರೆಂದು ನಾನು ವಿವರಿಸುವ ಮೊದಲೇ ಅವರ ಹಿಂದೆ ಮತ್ತಿಬ್ಬರು ಬಂದು ನಿಂತರು. ಎದುರಿನ ಅಂಗಡಿಯವರು ಅರ್ಧ ಬಾಗಿಲು ಎಳೆದರು. ಬೀದಿಯಲ್ಲಿ ಯಾರೋ, "ಒಳ್ಳೇ ಮನುಷ್ಯ ಕಣಯ್ಯ, ಚಟ್ನಿ ಕೇಳಿದ್ರೆ ಮಾತ್ರ ಮುಖ ಗಂಟಿಕ್ಕೋನು," ಎಂದರು.

ಈ ಗದ್ದಲ ಏನೆಂದು ನೋಡಲು ಒಳಗಿಂದ ಮಾಲೀಕರೇ ಬಂದರು. ತಾವು ತೀರಿಕೊಂಡ ಸುದ್ದಿಯನ್ನು ತಮ್ಮ ಬಾಗಿಲಲ್ಲೇ ನಿಂತು ಕೇಳುವ ಯೋಗ ಎಲ್ಲರಿಗೂ ಒದಗುವುದಿಲ್ಲ. ಅವರು ಅದನ್ನು ಯೋಗವೆಂದು ಪರಿಗಣಿಸಲಿಲ್ಲ.

"ಏನ್ರೀ ಇದು? ನನ್ನ ಹೋಟ್ಲು ಬಾಗ್ಲಲ್ಲಿ ತಿಥಿ ಮಾಡ್ತಿದೀರಾ?"

"ನಿಮ್ಮದಲ್ಲ ಸ್ವಾಮಿ. ನನ್ನ ತಮ್ಮನದು."

"ಯಾರದಾದ್ರೇನ್ರೀ? ಎತ್ತಿ ಮೊದ್ಲು!"

ಅಷ್ಟರಲ್ಲಿ ಹೆಂಚಿನ ಮೇಲೆ ಒಂದು ಕಾಗೆ ಬಂದು ಕೂತಿತ್ತು. ಅವ್ವನ ಕಣ್ಣು ಅದರ ಮೇಲೆಯೇ. ಕಾಗೆ ಒಂದು ಹೆಂಚು ಕೆಳಗಿಳಿಯಿತು. ಮಾಲೀಕರು ಹೆಗಲ ಟವಲು ತೆಗೆದು ಬೀಸಿದರು. ಬೀಸಿದ್ದು ನನ್ನ ಮೇಲೆ. ಹಾರಿಹೋದದ್ದು ಕಾಗೆ.

ಅವ್ವ ಎಲೆಯನ್ನು ಮಡಿಚಿ, ಬೀದಿಯ ಒಂದು ಹಸುವಿಗೆ ಕೊಟ್ಟಳು. ನನ್ನ ಪಾಲಿನ ದೋಸೆ ಒಳಗೆ ಮೇಜಿನ ಮೇಲೆಯೇ ಉಳಿಯಿತು. ಅದನ್ನು ಹೋಗಿ ಕೇಳುವ ಧೈರ್ಯ ನನಗೆ ಬರಲಿಲ್ಲ.

ಸಂತೆಯ ಹಾದಿಯಲ್ಲಿ ಒಂದು ದೊಡ್ಡ ಕಲ್ಲಂಗಡಿ ಕೊಂಡೆ. ಸತ್ತಾರನ ಬಸ್ಸು ನಮ್ಮನ್ನು ಶಿವನಸಮುದ್ರದ ಕವಲಿನಲ್ಲಿ ಇಳಿಸಿತು; ವಾಪಸು ಬರುವಾಗ ಹತ್ತಿಸಿಕೊಳ್ಳುತ್ತೇನೆ ಎಂದ. ಅಲ್ಲಿಂದ ಒಂದು ಎತ್ತಿನ ಗಾಡಿ. ಕಲ್ಲಂಗಡಿ ನನ್ನ ತೊಡೆಯ ಮೇಲೆ. ಬಿಸಿಲು ತಲೆಯ ಮೇಲೆ. ಇಷ್ಟಾದರೂ ನನಗೆ ಒಂದು ಭರವಸೆ ಇತ್ತು. ಗಗನಚುಕ್ಕಿ ಯಾರನ್ನೂ ನಿರಾಸೆಗೊಳಿಸುವುದಿಲ್ಲ. ಆ ಭೋರ್ಗರೆತ, ಆ ಹನಿಯ ಮಂಜು, ಆ ತಂಪು. ನೀರು ನೋಡಿದರೆ ಮನಸ್ಸು ತಿಳಿಯಾಗುತ್ತದೆ, ಮನಸ್ಸು ತಿಳಿಯಾದರೆ ಹಸಿವಾಗುತ್ತದೆ.

ಅಂಚಿಗೆ ಹೋಗಿ ನಿಂತೆವು. ಎದುರಿಗೆ ಬಂಡೆ. ಕೆಳಗೆ ಬಂಡೆ. ಒಂದು ಕಡೆ ಬಂಡೆಯ ಮೇಲೆ ಒದ್ದೆಯ ಗೆರೆ.

"ನೀರೆಲ್ಲಾ ಕರೆಂಟಿಗೆ ಓಯ್ತದೆ," ಎಂದ ಅಲ್ಲಿ ಆಡು ಮೇಯಿಸುತ್ತಿದ್ದ ಮುದುಕ. "ಮಳೆಗಾಲದಲ್ಲಿ ಬನ್ನಿ."

ಅವ್ವ ಬಂಡೆಯನ್ನು ಬಹಳ ಹೊತ್ತು ನೋಡಿದಳು. "ಬೀಳ್ದೇ ಇದ್ರೂ ನೋಡಕ್ಕೆ ಬತ್ತಾರಾ ಜನ?"

"ಪುಟ್ಟ ನೋಡಿದ ಗೋಪುರವೂ ಬೀಳದೆ ನಿಂತದ್ದೇ ಅಲ್ಲವೇ ಅವ್ವ?" ಎಂದೆ.

ನಾನು ಕಲ್ಲಂಗಡಿಯನ್ನು ಒಡೆಯಲೆಂದು ಚಪ್ಪಟೆ ಕಲ್ಲು ಹುಡುಕುತ್ತಾ ಬಗ್ಗಿದೆ. ಬೆವರಿದ ಕೈ. ಹಣ್ಣು ಜಾರಿತು. ಉರುಳಿತು. ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರಿ, ಅಂಚು ದಾಟಿ, ಕೆಳಗೆ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಸದ್ದು ಬಂತು.

ಆ ದಿನ ಗಗನಚುಕ್ಕಿಯಲ್ಲಿ ಧುಮುಕಿದ್ದು ಅದೊಂದೇ.

ಆಗ ಬಂದವು ಕಾಗೆಗಳು. ಬೆಳಗಿನಿಂದ ಎಲ್ಲಿ ಅಡಗಿದ್ದವೋ, ಎಲ್ಲಿಂದಲೋ ಹತ್ತಾರು ಹಾರಿಬಂದು, ಕೆಳಗೆ ಕೆಂಪಗೆ ಚೆಲ್ಲಿದ್ದ ಹಣ್ಣಿನ ಮೇಲೆ ಮುಗಿಬಿದ್ದವು. ನಾನು ಕುಣಿದಾಡುವುದೊಂದು ಬಾಕಿ.

"ಅವ್ವ, ನೋಡು! ಪುಟ್ಟ ಉಂಡ!"

ಅವ್ವ ಬಗ್ಗಿ ನೋಡಿದಳು. "ಅದು ಇಕ್ಕಿದ್ದಲ್ಲ ಕಣ್ಲಾ. ಜಾರೋಗಿದ್ದು. ಇಕ್ದೆ ಬಿದ್ದಿದ್ದನ್ನ ತಿನ್ನಕ್ಕೆ ಅವನೇನು ದಿಕ್ಕಿಲ್ದೋನಾ?"

ನಾನು ಬಂಡೆಯ ಮೇಲೆ ಕೂತುಬಿಟ್ಟೆ. ಪುಟ್ಟ ಇದ್ದಿದ್ದರೆ ಇಷ್ಟು ಹೊತ್ತಿಗೆ ನಕ್ಕು ನಕ್ಕು ಸಾಯುತ್ತಿದ್ದ ಎಂದು ಅಂದುಕೊಂಡೆ. ಅಂದುಕೊಂಡ ಮೇಲೆ, ಏನು ಅಂದುಕೊಂಡೆ ಎಂದು ತಿಳಿಯಿತು. ಅವ್ವ ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಆ ಒದ್ದೆಯ ಗೆರೆಯನ್ನು ನೋಡುತ್ತಾ ಇದ್ದೆವು. ಅದನ್ನು ಬಿಟ್ಟರೆ ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ವಾಪಸು ಬರುವಾಗ, ಮಳವಳ್ಳಿ ದಾಟಿ ಸ್ವಲ್ಪ ದೂರಕ್ಕೆ ಬಸ್ಸು ಎರಡು ಸಲ ಕೆಮ್ಮಿ ನಿಂತಿತು. ನಿಂತದ್ದರಲ್ಲಿ ನನಗೆ ಆಶ್ಚರ್ಯವಾಗಲಿಲ್ಲ. ನಾನು ಹತ್ತಿದ ಮೇಲೂ ಅಲ್ಲಿಯವರೆಗೆ ಓಡಿತ್ತಲ್ಲ ಎಂಬುದು ಆಶ್ಚರ್ಯ. ಹೊತ್ತು ಇಳಿಯುತ್ತಿತ್ತು. ಪ್ರಯಾಣಿಕರು ಹೊಂಗೆ ಮರದ ಕೆಳಗೆ ಚದುರಿ ಕೂತರು. ಸತ್ತಾರ್ ಪೀಪಾಯಿಯ ಬಾಯಿ ತೆಗೆದು, ಬೂದಿ ಕೆರೆದು, ಹೊಸ ಇದ್ದಿಲು ಸುರಿದ. ಬೆಂಕಿ ಹತ್ತಬೇಕಾದರೆ ಪಕ್ಕದ ಹಿಡಿಯನ್ನು ಯಾರಾದರೂ ತಿರುಗಿಸುತ್ತಾ ಗಾಳಿ ಊದಬೇಕು. ನಾನು ಮುಂದೆ ಬಂದೆ. ಆ ದಿನ ಒಂದು ಕೆಲಸವಾದರೂ ಸರಿಯಾಗಿ ಮಾಡಬೇಕು ಎನಿಸಿತ್ತು.

ಅವ್ವ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ಸತ್ತಾರ್ ಅವಳ ಎದುರು ಕುಕ್ಕರುಗಾಲಲ್ಲಿ ಕೂತ.

"ಏನು ತಿಂದ್ಯವ್ವ ಇವತ್ತು?"

"ಏನೂ ಇಲ್ಲ ಕಣಪ್ಪ. ಅವ್ನು ಮುಟ್ಲಿಲ್ಲ, ನಾನೂ ಮುಟ್ಲಿಲ್ಲ. ಇಟಲೀಲಿ ಅಷ್ಟೆಲ್ಲ ತಿಂದೋನು. ಇಲ್ಲೀದು ಯಾಕೋ ಅವನ್ಗೆ ಇಡಿಸ್ತಿಲ್ಲ."

ಸತ್ತಾರ್ ತಲೆ ತಗ್ಗಿಸಿ ನೆಲದ ಮೇಲೆ ಕಡ್ಡಿಯಿಂದ ಗೀಚಿದ. ಆಮೇಲೆ ನನ್ನ ಕಡೆ ನೋಡಿದ. ಹೇಳಲೋ ಬೇಡವೋ ಎಂದು ಕೇಳುವ ಹಾಗೆ. ನಾನು ಹಿಡಿ ತಿರುಗಿಸುತ್ತಿದ್ದೆ.

"ಅಲ್ಲೂ ಏನೂ ತಿನ್ಲಿಲ್ಲ ಕಣವ್ವ," ಎಂದ.

"ಆ?"

"ರಜ ಕೊಟ್ಟಿದ್ದು ನಿಜ. ಒರಟಿದ್ದೂ ನಿಜ. ಅರ್ಧ ದಾರೀಲಿ ಲಾರಿ ಕೆಟ್ಟೋಯ್ತು. ಮಳೆ. ಬೆಳಿಗ್ಗಿಂದ ಸಂಜೆಗಂಟ ಲಾರಿ ಕೆಳಗೆ ಕೆಸರಲ್ಲಿ ಮಲಗಿದ್ದೋ ನಾನೂ ಅವನೂ. ರೊಟ್ಟಿನೂ ಇಲ್ಲ, ಗುಡಿನೂ ಇಲ್ಲ. ಆ ಊರ ಜನಕ್ಕೇ ತಿನ್ನಕ್ಕಿರ್ಲಿಲ್ಲ, ನಮಗೆಲ್ಲಿಂದ ಬತ್ತದೆ?"

"ಗೋಪುರ?" ಎಂದು ನಾನು ಪೀಪಾಯಿಯ ಹಿಂದಿನಿಂದ ಕೇಳಿದೆ.

"ದೂರದಲ್ಲಿ ಏನೋ ಒಂದು ಕಾಣ್ತು ಅಣ್ಣ. ಅದು ವಾಲಿತ್ತೋ ನಮ್ಮ ಲಾರಿ ವಾಲಿತ್ತೋ ಗೊತ್ತಾಗ್ಲಿಲ್ಲ. ನಿಲ್ಲಿಸ್ಬ್ಯಾಡಿ, ತಿರುಗಿಸ್ತಾ ಇರಿ, ಬೆಂಕಿ ಆರೋಯ್ತದೆ."

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಅಂಗಾದ್ರೆ ಅಸ್ಕಂಡೇ ಇದ್ನಾ ಆವತ್ತು?"

"ಸಂಜೆಗಂಟ. ಆಮೇಲೆ ಒಬ್ಬ ಮುದುಕಿ ಬಂದು ಮನೇಗೆ ಕರ್ಕಂಡೋದ್ಲು. ಮನೆ ಅಂದ್ರೆ ಅರ್ಧ ಗೋಡೆ ಬಿದ್ದೋಗಿತ್ತು. ಮುಸ್ಕಿನ್ ಜೋಳದ ಇಟ್ನಲ್ಲಿ ಅಳದಿ ಬಣ್ಣದ ಮುದ್ದೆ ಮಾಡಿದ್ಲು. ಅಲಗೆ ಮೇಲೆ ಸುರಿದು ದಾರದಲ್ಲಿ ಕುಯ್ದು ಕೊಟ್ಲು. ಅವಳ ಮಗ ಯುದ್ಧದಲ್ಲಿ ಸಿಕ್ಕಾಕ್ಕಂಡು ನಮ್ಮ ದೇಸದಲ್ಲಿ ಸೆರೇಲಿದ್ನಂತೆ. ಇಂಡಿಯಾ, ಇಂಡಿಯಾ ಅಂತ ನಮ್ ಕೆನ್ನೆ ಸವರಿ ಸವರಿ ನೋಡುದ್ಲು. ಅಲ್ಲಿ ಅವನ್ಗೆ ಯಾರು ಇಕ್ತಾರೆ ಅಂತ ಕೈಸನ್ನೇಲಿ ಕೇಳುದ್ಲು."

"ಪುಟ್ಟ ಏನಂದ?"

"ನಮ್ಮವ್ವ ಇಕ್ತಾಳೆ ಅಂದ. ಮುದ್ದೆ ಮಾಡಿ ಇಕ್ತಾಳೆ ಅಂತ ಕೈಯಲ್ಲಿ ಉಂಡೆ ಕಟ್ಟಿ ತೋರಿಸ್ದ. ಅವಳಿಗೆ ಎಷ್ಟು ತಿಳೀತೋ."

ಹೊಂಗೆ ಮರದ ಕೆಳಗೆ ಯಾರೋ ಬೀಡಿ ಹಚ್ಚಿದರು.

"ಆ ಮಗ ಊರ್ಗೆ ಓದ್ನಾ?"

"ಗೊತ್ತಿಲ್ಲ ಕಣವ್ವ."

ಅವ್ವ ಚೀಲಕ್ಕೆ ಕೈ ಹಾಕಿದಳು. ತಳದಿಂದ ಕೆಂಪಮ್ಮನ ಬುತ್ತಿ ತೆಗೆದು ಬಿಚ್ಚಿದಳು. ಬೆಳಗಿನ ಮುದ್ದೆ, ಆರಿ ಗಟ್ಟಿಯಾಗಿತ್ತು. ಒಂದನ್ನು ಎಲೆಯ ಸಮೇತ ಸತ್ತಾರನ ಮುಂದೆ ಇಟ್ಟಳು. ಆಕಾಶ ನೋಡಲಿಲ್ಲ.

"ಉಣ್ಣಪ್ಪ."

"ಇದು ಪುಟ್ಟಂಗೆ ಮಡಗಿದ್ದಲ್ವ, ಅವ್ವ?"

"ನೀ ಉಣ್ಣು. ಜೊತೇಲಿ ಅಸ್ಕಂಡಿದ್ದೋನು ನೀನು. ಕಾಗೆಗೇನು ಗೊತ್ತು?"

ಸತ್ತಾರ್ ಮುದ್ದೆ ಮುರಿದು ಚಟ್ನಿಗೆ ಅದ್ದಿದ. ಬಾಯಿಗೆ ಇಡುವ ಮೊದಲು ನಿಲ್ಲಿಸಿದ.

"ನೀನೂ ಉಣ್ಣವ್ವ. ಆ ಮುದುಕಿ ಉಣ್ಣೋಗಂಟ ಪುಟ್ಟ ಅವತ್ತು ಕೈ ತೊಳೀಲಿಲ್ಲ. ನೀನುಂಡ್ರೇ ನಾನು ಅಂತ ಕೂತ್ಬುಟ್ಟಿದ್ದ."

ಅವ್ವ ಎರಡನೆಯ ಮುದ್ದೆಯನ್ನು ಅಂಗೈಲಿ ಇಟ್ಟುಕೊಂಡಳು. ಒಂದು ತುತ್ತು ಮುರಿದಳು. ನುಂಗಿದಳು. ಇನ್ನೊಂದು ಮುರಿದಳು. ಆಗ ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಳುತ್ತಲೇ ಮುದ್ದೆಯನ್ನು ಪೂರ್ತಿ ಮುಗಿಸಿದಳು.

ನಾನು ಅದನ್ನೆಲ್ಲ ಪೀಪಾಯಿಯ ಹಿಂದಿನಿಂದ ಹೊಗೆಯಲ್ಲಿ ನೋಡಿದೆ. ಹತ್ತಿರ ಹೋಗೋಣವೆಂದರೆ ಬೆಂಕಿ ಆರಿಹೋಗುತ್ತದೆ. ಮುದ್ದೆ ಎರಡೇ ಇದ್ದವು. ಒಬ್ಬರ ಕಣ್ಣಲ್ಲಿ ನೀರು ಹೊಗೆಯದೋ ಬೇರೆಯದೋ ಎಂದು ಇದ್ದಿಲು ಬಸ್ಸಿನ ಹತ್ತಿರ ಯಾರೂ ಕೇಳುವುದಿಲ್ಲ. ಅದೊಂದು ಅನುಕೂಲ.

ದೀಪ ಹಚ್ಚಿದ ಮೇಲೆ ಮನೆ ಸೇರಿದೆವು. ಬಾಗಿಲು ತೆಗೆದ ಕೆಂಪಮ್ಮ ಅವ್ವನನ್ನು ಒಳಗೆ ಬಿಟ್ಟುಕೊಂಡು, ಮಸಿ ಹಿಡಿದ ನನ್ನನ್ನು ಯಾರೋ ಎಂದು ಒಂದು ಗಳಿಗೆ ಹೊರಗೇ ನಿಲ್ಲಿಸಿದಳು.

"ಏನ್ ಉಂಡ್ರು ಅತ್ತೆಮ್ಮ?" ಎಂದು ಆಮೇಲೆ ಪಿಸುಗುಟ್ಟಿದಳು.

"ಮುದ್ದೆ."

"ನಾ ಕಟ್ಟಿದ್ದಾ?"

"ಹೂಂ."

"ಅದ್ಕೆ ಮಳವಳ್ಳಿಗಂಟ ಓಗ್ಬೇಕಿತ್ತಾ?"

ಸತ್ತಾರ್ ಹೇಳಿದ್ದು ನಿಜವಾದರೆ, ಕೆಟ್ಟ ಗಾಡಿ, ನೋಡಲಾಗದ ಗುಡಿ, ಇಲ್ಲದ ಊಟ, ಎಲ್ಲವನ್ನೂ ಸೇರಿಸಿ ಅಪ್ಪಟ ಇಟಲಿಯನ್ನೇ ನಾನು ಅವ್ವನಿಗೆ ಮಾಡಿಸಿದ್ದೆ. ಆದರೆ ಅದನ್ನು ವಿವರಿಸುವಷ್ಟು ತ್ರಾಣ ಉಳಿದಿರಲಿಲ್ಲ. ಬೆಳಗಿನಿಂದ ನನ್ನ ಹೊಟ್ಟೆಗೆ ಹೋದದ್ದು ವಡೆಯ ಅಂಚಿನ ಒಂದು ಚೂರು.

"ಮುದ್ದೆ ಇದೆಯಾ?" ಎಂದು ಕೇಳಿದೆ.

"ನಿಮ್ಗೆ ಆಕ್ಲಿಲ್ಲ. ಇಟಲೀಲಿ ಉಂಡು ಬತ್ತೀರಲ್ಲ ಅಂತ."

ಒಲೆಯ ಪಕ್ಕದಲ್ಲಿ, ಅವ್ವನಿಗೆಂದು ಕಾಸಿ ಮುಚ್ಚಿಟ್ಟಿದ್ದ ಅಂಬಲಿ ಇತ್ತು. ಅದು ಅವ್ವನಿಗೆ ಬೇಕಾಗಿರಲಿಲ್ಲ. ನಾನು ಕುಡಿದೆ.